ಓಟ ಬಿಟ್ಟು ನಿಧಾನದ ನಡಿಗೆಗೆ ಬಂದಿದ್ದೇನೆ: ಇದು ನೆಮ್ಮದಿಯೋ, ಸೋಲಿಗೆ ಕೊಟ್ಟ ಚೆಂದದ ಹೆಸರೋ?

ಬೂರುಗದ ನೆರಳು:

ಎಲ್ಲರಿಗೂ ನಮಸ್ಕಾರ. ನನಗೀಗ 47 ವರ್ಷ. 11 ವರ್ಷಗಳಿಂದ ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಲಾಲ್‌ಬಾಗಿನಲ್ಲಿ ಓಡುತ್ತಿದ್ದೆ. ವರ್ಷಕ್ಕೊಮ್ಮೆ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲೂ ಭಾಗವಹಿಸುತ್ತಿದ್ದೆ. ಕಳೆದ ಜನವರಿಯಲ್ಲಿ ಎಡಗಾಲಿನ ಹಿಮ್ಮಡಿ ಕೈಕೊಟ್ಟಿತು. ಬೆಳಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಮೊಳೆ ತುಳಿದಂತಾಗುತ್ತಿತ್ತು. ಮೂರು ತಿಂಗಳು ಓಡಕೂಡದು, ಬೇಕಿದ್ದರೆ ನಡೆಯಿರಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು.

ಮೊದಲ ಎರಡು ವಾರ ನಾನು ನಡೆದದ್ದು ಸಿಟ್ಟಿನಲ್ಲಿ. ಎದುರಿನಿಂದ ನಮ್ಮ ಗುಂಪಿನವರು ಓಡಿ ಬರುವುದು ಕಂಡರೆ ಶೂ ದಾರ ಕಟ್ಟುವ ನೆಪದಲ್ಲಿ ಬಗ್ಗಿಬಿಡುತ್ತಿದ್ದೆ. ಕೈಗಡಿಯಾರ ನೋಡುವ ಚಾಳಿಯೂ ಹೋಗಿರಲಿಲ್ಲ. ಕಿಲೋಮೀಟರಿಗೆ ಹದಿಮೂರು ನಿಮಿಷ ಎಂದು ಅದು ತೋರಿಸಿದಾಗ ನಪಾಸಾದ ಅಂಕಪಟ್ಟಿ ಕೈಗೆ ಬಂದಂತೆ ಮುಖ ಸಪ್ಪಗಾಗುತ್ತಿತ್ತು. ಒಂದು ದಿನ ಗಡಿಯಾರವನ್ನು ಚಾರ್ಜಿಗೆ ಹಾಕಿ ಮರೆತು ಹೊರಟೆ. ಅಂದು ಗಾಜಿನ ಮನೆಯಿಂದ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಮರದ ಬೇರುಗಳ ಸಂದಿಯಲ್ಲಿ, ಕಸ ಗುಡಿಸುವ ಹೆಂಗಸೊಬ್ಬರು ತಮ್ಮ ಊಟದ ಡಬ್ಬಿ, ಚಪ್ಪಲಿ, ಮಡಿಸಿದ ಒಂದು ಸ್ವೆಟರ್ ಇವುಗಳನ್ನು ಗೂಡಿನಲ್ಲಿಡುವಂತೆ ಜೋಡಿಸಿಡುತ್ತಿದ್ದುದನ್ನು ಕಂಡೆ. ಆ ಮರದ ಪಕ್ಕದಲ್ಲಿ ಎರಡು ಸಾವಿರ ಸಲವಾದರೂ ಓಡಿದ್ದೇನೆ. ಅಲ್ಲೊಂದು ಸಂದಿ ಇರುವುದೇ ನನಗೆ ಗೊತ್ತಿರಲಿಲ್ಲ.

ಮುಂದಿನ ತಿರುವಿನಲ್ಲಿ, ಕರೆಯದೆಯೇ, ತಮ್ಮನ ಜೊತೆಗಿನ ಜಗಳ ನೆನಪಿಗೆ ಬಂತು. ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಯ ವಿಚಾರವಾಗಿ ಎರಡು ವರ್ಷಗಳಿಂದ ನಮ್ಮಲ್ಲಿ ಮಾತಿಲ್ಲ. ಓಡುವಾಗ ಆ ವಿಷಯ ಕಾಡುತ್ತಿರಲಿಲ್ಲವಾದ್ದರಿಂದ, ಓಟವೇ ನನ್ನ ಮನಸ್ಸನ್ನು ತಿಳಿಯಾಗಿಡುತ್ತಿದೆ ಎಂದು ನಂಬಿಕೊಂಡಿದ್ದೆ. ಉಸಿರಿನ ಸದ್ದಿಗೆ ಒಳಗಿನ ಮಾತು ಕಿವಿಗೆ ಬೀಳುತ್ತಿರಲಿಲ್ಲ ಎಂಬುದು ಅಂದು ತಿಳಿಯಿತು. "ಅಪ್ಪನನ್ನು ನೋಡಿಕೊಂಡಿದ್ದಕ್ಕೆ ಬಾಡಿಗೆ ಕೇಳುತ್ತೀಯಾ" ಎಂದು ನಾನು ತಮ್ಮನಿಗೆ ಕೇಳಿದ್ದೆ. ಎರಡು ವರ್ಷ ಆ ಮಾತನ್ನು ನಾನು ಆತನ ತಪ್ಪುಗಳ ಪಟ್ಟಿಯ ಅಡಿಯಲ್ಲಿ ಬಚ್ಚಿಟ್ಟಿದ್ದೆ.

ಈಗ ಹಿಮ್ಮಡಿ ವಾಸಿಯಾಗಿದೆ, ಓಡಬಹುದೆಂದು ಅಪ್ಪಣೆಯೂ ಸಿಕ್ಕಿದೆ, ಆದರೆ ಓಡಲು ಮನಸ್ಸಾಗುತ್ತಿಲ್ಲ. ಗುಂಪಿನವರು "ನಿವೃತ್ತರು ಬಂದರು" ಎಂದು ನಗುತ್ತಾರೆ. ಇದು ನಿಜವಾದ ನೆಮ್ಮದಿಯೋ ಅಥವಾ ವಯಸ್ಸಿಗೆ ಸೋತದ್ದನ್ನು ಒಪ್ಪಿಕೊಳ್ಳಲಾರದೆ ಕಟ್ಟಿಕೊಂಡ ಕಥೆಯೋ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯೇ?

ಎರಡು ಇಡ್ಲಿ ಒಂದು ವಡೆ:

ನಿಮ್ಮ ಗುಂಪಿನವರು ಓಟಕ್ಕಾಗಿ ಬರುತ್ತಾರೋ, ಓಟ ಮುಗಿದ ಮೇಲಿನ ಇಡ್ಲಿಗಾಗಿ ಬರುತ್ತಾರೋ ಎಂಬುದನ್ನು ಮೊದಲು ವಿಚಾರಿಸಿ. ಇಡ್ಲಿಯ ಮೇಲೆ ನಡೆದು ಬಂದವರಿಗೂ ಸಮಾನ ಹಕ್ಕಿದೆ.

ಮಾರುತಿ ಓಟಗಾರ:

ಸರ್, ಬೇಸರಿಸಬೇಡಿ, ನಾನು ಒಪ್ಪುವುದಿಲ್ಲ. ನೀವು ದೂರುತ್ತಿರುವುದು ಓಟವನ್ನಲ್ಲ, ನಿಮ್ಮ ಗಡಿಯಾರವನ್ನು. ಇಪ್ಪತ್ತು ವರ್ಷಗಳಿಂದ ಓಡುತ್ತಿರುವ ನನ್ನ ಅನುಭವದಲ್ಲಿ, ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡುತ್ತ ಓಡಲು ಸಾಧ್ಯವಾಗುವ ವೇಗವೇ ಸರಿಯಾದ ವೇಗ. ಏದುಸಿರು ಬಿಡುತ್ತ ದಿನವೂ ಓಡುವವರಿಗೆ ಒಳಗಿನ ಮಾತಿರಲಿ, ಹಿಂದಿನಿಂದ ಬರುವ ಬಸ್ಸಿನ ಹಾರ್ನ್ ಕೂಡ ಕೇಳಿಸುವುದಿಲ್ಲ. ನನಗೆ ಆರನೆಯ ಕಿಲೋಮೀಟರಿನ ಆಚೆ ಒಂದು ತಿಳಿ ಬರುತ್ತದೆ. ಎಲ್ಲರೂ ಅದಕ್ಕೆ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ದೇಹದ ರಾಸಾಯನಿಕ ಕಾರಣವೆನ್ನುತ್ತಾರೆ, ಆದರೆ ಎಂಡಾರ್ಫಿನ್ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ದೇಹವೇ ತಯಾರಿಸುವ, ಗಾಂಜಾದಲ್ಲಿರುವಂಥ ರಾಸಾಯನಿಕಗಳಾದ ಎಂಡೋಕ್ಯಾನಬಿನಾಯ್ಡ್‌ಗಳ ಕೈವಾಡ ಹೆಚ್ಚಿರಬಹುದೆಂದು ಈಗಿನ ಸಂಶೋಧಕರು ಹೇಳುತ್ತಿದ್ದಾರೆ. ಹೆಸರು ಯಾವುದಾದರೂ ಇರಲಿ, ಅದನ್ನು ನಡಿಗೆ ಕೊಡಲಾರದು. ನಿಮ್ಮ ವೇಗವನ್ನು ಕಿಲೋಮೀಟರಿಗೆ ಎಂಟು ನಿಮಿಷಕ್ಕೆ ಇಳಿಸಿ ನೋಡಿ, ಆಮೇಲೆ ಮಾತನಾಡೋಣ.

ಬೂರುಗದ ನೆರಳು:

ಮಾರುತಿಯವರೇ, ಆ ಪ್ರಯೋಗವನ್ನೂ ಮಾಡಿದ್ದೇನೆ. ಎಂಟು ನಿಮಿಷದ ವೇಗದಲ್ಲಿ ಓಡುತ್ತಿದ್ದಾಗ ರೇಷ್ಮೆ ಸೀರೆಯುಟ್ಟ ಅಜ್ಜಿಯೊಬ್ಬರು ಹೂವು ಕೊಳ್ಳುವ ಅವಸರದಲ್ಲಿ ನನ್ನನ್ನು ದಾಟಿ ಹೋದರು. ಆ ದಿನ ಮನಸ್ಸಿಗೆ ಬಂದದ್ದು ತಿಳಿಯಂತೂ ಆಗಿರಲಿಲ್ಲ.

ಮೀನಖಂಡ:

ನಾನು ಫಿಸಿಯೋಥೆರಪಿಸ್ಟ್ ಆಗಿರುವುದರಿಂದ ಒಂದೆರಡು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಈ ಚರ್ಚೆ "ಓಟ ಮಂಡಿಯನ್ನು ಹಾಳುಮಾಡುತ್ತದೆ" ಎಂಬಲ್ಲಿಗೆ ಹೋಗುವುದನ್ನು ನಾನು ನೂರು ಸಲ ನೋಡಿದ್ದೇನೆ.

ನಡಿಗೆಯಲ್ಲಿ ಯಾವ ಕ್ಷಣದಲ್ಲೂ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಯ ನಡುವೆ ಎರಡೂ ಪಾದಗಳು ಗಾಳಿಯಲ್ಲಿರುವ ಒಂದು ಗಳಿಗೆ ಬರುತ್ತದೆ, ಆದ್ದರಿಂದ ಕೆಳಗೆ ಬಂದಾಗ ನೆಲ ಕಾಲಿಗೆ ತಿರುಗಿ ಕೊಡುವ ಹೊಡೆತ ದೇಹದ ತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ನಡಿಗೆಯಲ್ಲಿ ಅದು ತೂಕಕ್ಕಿಂತ ತುಸುವೇ ಹೆಚ್ಚು. ಹಾಗೆಂದು ಓಟಗಾರರ ಮಂಡಿಯೆಲ್ಲ ಸವೆದು ಹೋಗುತ್ತದೆ ಎಂದರ್ಥವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡದ್ದು ಶೇ. 3.5ರಷ್ಟು ಮಂದಿಯಲ್ಲಿ, ಓಡದೆ ಕುಳಿತೇ ಇರುವವರಲ್ಲಿ ಶೇ. 10.2ರಷ್ಟು ಮಂದಿಯಲ್ಲಿ. ಸ್ಪರ್ಧೆಗಾಗಿ ಓಡುವವರಲ್ಲಿ ಮಾತ್ರ ಅದು ಶೇ. 13.3 ಇತ್ತು. ಆದ್ದರಿಂದ ಓಟವನ್ನು ಬಿಡುವುದಾದರೆ ಮನಸ್ಸಿಗಾಗಿ ಬಿಡಿ, ಮಂಡಿಯ ಹೆಸರು ಹೇಳಿ ಬಿಡಬೇಡಿ.

ಇನ್ನೊಂದು ಎಚ್ಚರಿಕೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು, ಅಥವಾ 75ರಿಂದ 150 ನಿಮಿಷ ಬಿರುಸಿನ ಶ್ರಮ. ಅಂಗಡಿಯ ಮುಂದೆ ಬೆಲೆ ನೋಡುತ್ತ ಸಾಗುವಂಥ ನಡಿಗೆ ಈ ಲೆಕ್ಕಕ್ಕೆ ಬರುವುದು ಕಷ್ಟ. ಕೊಂಚ ಉಸಿರು ಹೆಚ್ಚಬೇಕು, ಮಾತನಾಡಲು ಬರಬೇಕು, ಹಾಡಲು ಬರಬಾರದು. ದಿನದ ಒಂದು ಸುತ್ತನ್ನು ಹಾಗೆ ನಡೆದು ಇನ್ನೊಂದನ್ನು ನಿಮ್ಮಿಷ್ಟದಂತೆ ನಡೆಯಿರಿ. ಹಿಮ್ಮಡಿ ವಾಸಿಯಾಗಿದ್ದರೂ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಮಾತ್ರ ಬಿಡಬೇಡಿ. ಎಲ್ಲರೂ ನೋವು ಹೋದ ಮರುದಿನವೇ ಅದನ್ನು ಬಿಡುತ್ತಾರೆ.

ಎರಡು ಇಡ್ಲಿ ಒಂದು ವಡೆ:

ಹಾಡಲು ನನಗೆ ಕುಳಿತಲ್ಲೂ ಬರುವುದಿಲ್ಲ. ನನ್ನ ಲೆಕ್ಕವನ್ನು ಹೇಗೆ ಹಾಕಬೇಕು?

ಮಾಳಮಡ್ಡಿ:

ನಾನು ಧಾರವಾಡದವಳು. ಇಲ್ಲಿ "ವಾಕಿಂಗ್ ಹೋಗುತ್ತೇನೆ" ಎಂಬ ಮಾತು ಬಂದದ್ದು ಈಚೆಗೆ. ನಮ್ಮ ಹಿರಿಯರು "ಅಡ್ಡಾಡಿ ಬರ್ತೀನಿ" ಎನ್ನುತ್ತಿದ್ದರು. ಎರಡೂ ಒಂದೇ ಎಂದು ಮೊದಲು ನಾನೂ ಅಂದುಕೊಂಡಿದ್ದೆ. ವಾಕಿಂಗ್‌ಗೆ ಹೋದವರನ್ನು ಎಷ್ಟು ಕಿಲೋಮೀಟರ್ ಆಯಿತೆಂದು ಕೇಳಬಹುದು. ಅಡ್ಡಾಡಿ ಬಂದವರನ್ನು ಹಾಗೆ ಕೇಳಲಾಗದು, ಯಾರು ಸಿಕ್ಕಿದ್ದರು ಎಂದೇ ಕೇಳಬೇಕು. ಊಟವಾದ ಮೇಲೆ ಅಂಗಳದಲ್ಲಿ ನೂರು ಹೆಜ್ಜೆ ಹಾಕುವುದಕ್ಕೆ ಶತಪಾವಲಿ ಎಂಬ ಬೇರೆ ಹೆಸರೇ ಇತ್ತು, ಅದರಲ್ಲಿ ಮಾತ್ರ ಎಣಿಕೆ ಬರುತ್ತದೆ, ಅದೂ ನೂರಕ್ಕೇ ಮುಗಿಯುತ್ತದೆ.

ನಮ್ಮ ತಂದೆಯವರು ಶಾಲಾ ಶಿಕ್ಷಕರಾಗಿದ್ದು ನಿವೃತ್ತರಾದವರು. ಪ್ರತಿ ಸಂಜೆ ಮಾಳಮಡ್ಡಿಯಿಂದ ರೈಲು ನಿಲ್ದಾಣದವರೆಗೆ ಹೋಗಿ, ಒಂದು ಗಾಡಿ ಬಂದು ಹೋಗುವುದನ್ನು ನೋಡಿ, ಮರಳುತ್ತಿದ್ದರು. ಯಾರೂ ಬರುವವರಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ "ಅಪ್ಪಾ, ಇಷ್ಟು ನಿಧಾನ ನಡೆದರೆ ಬೊಜ್ಜು ಕರಗುವುದಿಲ್ಲ" ಎಂದು ಉಪದೇಶ ಮಾಡಿದ್ದೆ. "ಬೊಜ್ಜು ಕರಗಿಸಲಿಕ್ಕೆ ಯಾರು ಹೊಂಟಾರ?" ಎಂದಿದ್ದರು. ಮೂಲ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರವೂ ಅದೇ. ನೀವು ಓಟದ ಬದಲು ನಡಿಗೆ ಹಿಡಿದಿದ್ದೀರಿ ಎಂದು ಭಾವಿಸಿದರೆ ಸೋತಂತೆ ಕಾಣುತ್ತದೆ. ಅಡ್ಡಾಡುವುದು ಓಟದ ಬದಲಿಗೆ ಬಂದದ್ದಲ್ಲ, ಅದು ಬೇರೆಯೇ ಕೆಲಸ.

ಹೆಜ್ಜಾರ್ಲೆ:

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಮತ್ತು ನನ್ನ ಹೆಂಡತಿ 26 ವರ್ಷಗಳಿಂದ ನಡೆಯುತ್ತಿದ್ದೇವೆ. ಊರಾಚೆಯ ಹೊಲಗಳಿಗೆ ನೀರುಣಿಸಲೆಂದು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆಯಿದು; ಕುವೆಂಪು ಅವರು ನಡೆದಾಡಿದ ದಾರಿ ಎಂದು ಇಲ್ಲಿಗೆ ಬರುವ ಪ್ರತಿಯೊಬ್ಬರೂ ನಮಗೆ ಹೇಳುತ್ತಾರೆ, ನಮಗೆ ಗೊತ್ತಿಲ್ಲವೇನೋ ಎಂಬಂತೆ.

ನಮ್ಮದೊಂದು ನಿಯಮವಿದೆ. ದ್ವಾರದಿಂದ ಅರ್ಧ ದಾರಿಯವರೆಗೆ ಮಾತಿಲ್ಲ. ಅಲ್ಲಿಂದ ಮುಂದೆ ಮಾತನಾಡಬಹುದು. ಮೊದಲ ವರ್ಷ ಆ ಅರ್ಧ ದಾರಿಯಲ್ಲಿ ಹಿಂದಿನ ರಾತ್ರಿಯ ಜಗಳವನ್ನು ಮುಂದುವರಿಸಲು ಇಬ್ಬರೂ ವಾದಗಳನ್ನು ಸಿದ್ಧಮಾಡಿಕೊಂಡು, ಗೆರೆ ದಾಟಿದ ಕೂಡಲೇ ಆರಂಭಿಸುತ್ತಿದ್ದೆವು. ಯಾವ ವರ್ಷದಿಂದ ಅದು ನಿಂತಿತು ಎಂಬುದು ಇಬ್ಬರಿಗೂ ನೆನಪಿಲ್ಲ. ಈಗ ಮಾತು ಆರಂಭವಾಗುವುದು ಸಾಮಾನ್ಯವಾಗಿ "ಇವತ್ತು ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ಕಡಿಮೆ" ಎಂಬುದರಿಂದ. ಓಡುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಹಿಂದಿನಿಂದ ಬಂದು ಕಿವಿಯ ಹತ್ತಿರ "ಸೈಡ್ ಸರ್" ಎನ್ನುವವರು ಹತ್ತು ಮಾರು ಮೊದಲೇ ಹೇಳಿದರೆ ನನ್ನ ಹೃದಯಕ್ಕೆ ಒಳ್ಳೆಯದು.

ದೀಪದ ಕಂಬ:

ಎಲ್ಲ ಗಂಡಸರೂ ಬಹಳ ಚೆನ್ನಾಗಿ ಬರೆಯುತ್ತಿದ್ದೀರಿ. ಈಗ ನಾನು ಸ್ವಲ್ಪ ಕೆಡಿಸುತ್ತೇನೆ.

ಬೆಂಗಳೂರಿನಲ್ಲಿ ಓಡುವ ಹೆಂಗಸನ್ನು ಯಾರೂ ತಡೆದು ಮಾತನಾಡಿಸುವುದಿಲ್ಲ. ಶೂ, ಟ್ರ್ಯಾಕ್ ಪ್ಯಾಂಟ್, ಬೆವರು, ಇವು ಮೂರೂ ಸೇರಿ ಒಂದು ಪರವಾನಗಿ ಪತ್ರ. ಅದೇ ಹೆಂಗಸು ಚೂಡಿದಾರ್ ಹಾಕಿಕೊಂಡು, ಕೈಯಲ್ಲಿ ಚೀಲವಿಲ್ಲದೆ, ನಿಧಾನವಾಗಿ, ಮರಗಳನ್ನು ನೋಡುತ್ತ ನಡೆದರೆ ಆಟೋ ವೇಗ ಇಳಿಸಿ ಪಕ್ಕಕ್ಕೆ ಬರುತ್ತದೆ. ಎದುರು ಮನೆಯ ಆಂಟಿ "ಏನಮ್ಮಾ, ಮನೆಯಲ್ಲಿ ಏನಾದರೂ ಜಗಳವೇ?" ಎನ್ನುತ್ತಾರೆ. ಉದ್ಯಾನದ ಬೆಂಚಿನಲ್ಲಿ ಐದು ನಿಮಿಷ ಕುಳಿತರೆ ಆರನೆಯ ನಿಮಿಷಕ್ಕೆ ಯಾರೋ ಸಮಯ ಕೇಳಲು ಬರುತ್ತಾರೆ, ಅವರ ಕೈಯಲ್ಲೇ ಮೊಬೈಲ್ ಇರುತ್ತದೆ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಏನನ್ನೂ ಹಾಕದೆ, ಯಾರೊಡನೆಯೋ ಮಾತನಾಡುವವಳಂತೆ ಆಗಾಗ ತಲೆಯಾಡಿಸುತ್ತ ನಡೆಯುತ್ತೇನೆ. ಇಷ್ಟು ನಾಟಕದ ನಡುವೆ ಆತ್ಮಾವಲೋಕನಕ್ಕೆ ಎಷ್ಟು ಜಾಗ ಉಳಿಯುತ್ತದೆ ಎಂದು ನೀವೇ ಹೇಳಿ. ನಾನು ಓಡುವುದು ಓಟ ಇಷ್ಟವೆಂದಲ್ಲ.

ಇನ್ನೊಂದು ಪ್ರಶ್ನೆ ಬೂರುಗದವರಿಗೆ. ನೀವು ಗಡಿಯಾರವಿಲ್ಲದೆ ಲಾಲ್‌ಬಾಗಿನಲ್ಲಿರುವ ಹೊತ್ತಿನಲ್ಲಿ ಮನೆಯಲ್ಲಿ ಮಕ್ಕಳ ಡಬ್ಬಿ ಕಟ್ಟುವವರು ಯಾರು? ಅವರ ಗಡಿಯಾರ ಎಲ್ಲಿದೆ?

ಮಾರುತಿ ಓಟಗಾರ:

ಮೇಡಂ, ಚರ್ಚೆ ನಡಿಗೆಯ ಬಗ್ಗೆ. ಎಲ್ಲವನ್ನೂ ಗಂಡು-ಹೆಣ್ಣಿನ ವಿಷಯವಾಗಿಸುವ ಅಗತ್ಯವಿತ್ತೇ?

ದೀಪದ ಕಂಬ:

ನಾನೂ ನಡಿಗೆಯ ಬಗ್ಗೆಯೇ ಬರೆದಿದ್ದೇನೆ. ನೀವು ಇಪ್ಪತ್ತು ವರ್ಷ ಓಡಿದಿರಲ್ಲ, ಒಂದು ದಿನವಾದರೂ ಬೆಳಕು ಹರಿಯಲಿ ಎಂದು ಗೇಟಿನ ಬಳಿ ಕಾದು ನಿಂತಿದ್ದಿರಾ? ನಾನು ವಾರಕ್ಕೆ ಮೂರು ದಿನ ನಿಲ್ಲುತ್ತೇನೆ.

ಹೆಜ್ಜಾರ್ಲೆ:

ದೀಪದ ಕಂಬ ಅವರ ಮಾತನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "26 ವರ್ಷ ನಿಮ್ಮ ಜೊತೆ ನಡೆಯುತ್ತಿರುವುದು ಪ್ರೀತಿಯಿಂದ ಎಂದು ತಿಳಿದಿದ್ದಿರಾ? ಒಬ್ಬಳೇ ಹೋದರೆ ಹತ್ತು ಜನರಿಗೆ ಉತ್ತರ ಹೇಳಬೇಕು, ಅದಕ್ಕೆ" ಎಂದಳು. ನಕ್ಕಳು, ಆದರೆ ಪೂರ್ತಿ ತಮಾಷೆಯಾಗಿರಲಿಲ್ಲ.

ಬೆಳಗೊಳದ ಹಾದಿ:

"ನಿಧಾನ" ಎಂಬ ಪದದ ಬಗ್ಗೆಯೇ ನನ್ನ ತಕರಾರು. ಜೈನ ಮುನಿಗಳಿಗೆ ವಾಹನವಿಲ್ಲ, ಪಾದರಕ್ಷೆಯಿಲ್ಲ; ಚಾತುರ್ಮಾಸದ ನಾಲ್ಕು ತಿಂಗಳು ಒಂದೆಡೆ ನಿಂತರೆ, ಉಳಿದ ತಿಂಗಳುಗಳಲ್ಲಿ ಊರಿಂದೂರಿಗೆ ನಡೆಯುತ್ತಲೇ ಇರುತ್ತಾರೆ. ಆ ನಡಿಗೆಗೆ ವಿಹಾರ ಎಂದೇ ಹೆಸರು. ನಡೆಯುವಾಗ ಪಾಲಿಸಬೇಕಾದ ಎಚ್ಚರವನ್ನು ಈರ್ಯಾ ಸಮಿತಿ ಎನ್ನುತ್ತಾರೆ: ಹಗಲಿನಲ್ಲಿ ಮಾತ್ರ ನಡೆಯಬೇಕು, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕು.

ಕೆಲವು ವರ್ಷಗಳ ಹಿಂದೆ ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೊರಟಿದ್ದ ಮುನಿಗಳ ಜೊತೆ ನಾವು ಏಳೆಂಟು ಜನ ಹೆಜ್ಜೆ ಹಾಕಿದೆವು. ಇಷ್ಟೆಲ್ಲ ಎಚ್ಚರದಿಂದ ನಡೆಯುವವರು ಆಮೆಯಂತೆ ಸಾಗುತ್ತಾರೆಂದು ನಾನು ಎಣಿಸಿದ್ದೆ. ಅರ್ಧ ಗಂಟೆಯೊಳಗೆ ನಮಗೆಲ್ಲ ಏದುಸಿರು. ಬರಿಗಾಲಿನ, ಅರುವತ್ತು ದಾಟಿದ ಮುನಿಗಳು ನವಿಲುಗರಿಯ ಪಿಂಛಿಯನ್ನು ತೋಳಿನಡಿಯಲ್ಲಿಟ್ಟುಕೊಂಡು ಮುಂದೆ ಮುಂದೆ ಹೋಗುತ್ತಿದ್ದಾರೆ. ಒಂದು ಕಡೆ ಫಕ್ಕನೆ ನಿಂತರು. ಡಾಂಬರಿನ ಮೇಲೆ ಇರುವೆಗಳ ಸಾಲು ದಾಟುತ್ತಿತ್ತು. ಹಿಂದಿದ್ದ ನಮಗೆ ಯಾರಿಗೂ ಅದು ಕಂಡಿರಲಿಲ್ಲ, ನಾವು ನಮ್ಮ ಸುಸ್ತನ್ನು ನೋಡಿಕೊಳ್ಳುತ್ತಿದ್ದೆವು. ಬೂರುಗದವರಿಗೆ ಮರದ ಸಂದಿಯ ಡಬ್ಬಿ ಕಂಡದ್ದು ಅವರು ನಿಧಾನವಾದದ್ದರಿಂದ ಎಂದು ನನಗೆ ಅನ್ನಿಸುವುದಿಲ್ಲ. ಗಡಿಯಾರ ಇಲ್ಲದ ದಿನ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ, ಆದ್ದರಿಂದ ಕಂಡಿತು.

ಚಪ್ಪಡಿ ಕಲ್ಲು:

ಬೆಂಗಳೂರಿನ ಪಾದಚಾರಿ ಮಾರ್ಗಗಳಲ್ಲಿ ನಡೆಯುವವರೆಲ್ಲರೂ ನಾಲ್ಕು ಮೊಳ ನೆಲ ನೋಡಿಯೇ ನಡೆಯುತ್ತಾರೆ. ಯಾವ ಚಪ್ಪಡಿ ಯಾವಾಗ ಮಗುಚುತ್ತದೆಯೋ ತಿಳಿಯದು. ನಾವೆಲ್ಲ ಅರಿಯದೆಯೇ ಈರ್ಯಾ ಸಮಿತಿಯವರು.

ಪಾಲಿ ವಿದ್ಯಾರ್ಥಿ:

ಬೌದ್ಧರಲ್ಲೂ ಇದಕ್ಕೆ ಹತ್ತಿರದ ಪದ್ಧತಿಯಿದೆ, ಆದರೆ ಅದು ಊರಿಂದೂರಿಗೆ ಹೋಗುವುದಲ್ಲ. ಚಂಕ್ರಮಣವೆಂದರೆ ಒಂದು ಚಿಕ್ಕ ದಾರಿಯ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ, ಮತ್ತೆ ಬರುವುದು. ಪಾಲಿ ಭಾಷೆಯ ಬೌದ್ಧ ಗ್ರಂಥವಾದ ಅಂಗುತ್ತರ ನಿಕಾಯದಲ್ಲಿ ಇದರ ಐದು ಪ್ರಯೋಜನಗಳನ್ನು ಎಣಿಸಲಾಗಿದೆ: ದೂರ ಪ್ರಯಾಣಕ್ಕೆ ಶಕ್ತಿ, ಸಾಧನೆಗೆ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು, ಮತ್ತು ನಡೆಯುತ್ತ ಗಳಿಸಿದ ಏಕಾಗ್ರತೆ ಬಹುಕಾಲ ಉಳಿಯುವುದು. ಐದರಲ್ಲಿ ನಾಲ್ಕು ದೇಹಬಲಕ್ಕೂ ದುಡಿಮೆಗೂ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಅವರಿಗೆ ಜೀರ್ಣಶಕ್ತಿಯೂ ಧ್ಯಾನವೂ ಒಂದೇ ಪಟ್ಟಿಯಲ್ಲಿ ಕೂರಲು ಅಡ್ಡಿಯಿರಲಿಲ್ಲ. ದೀಪದ ಕಂಬ ಅವರೇ, ಇಪ್ಪತ್ತು ಹೆಜ್ಜೆಯ ತಾರಸಿಯಿದ್ದರೂ ಇದನ್ನು ಮಾಡಬಹುದು.

ದೀಪದ ಕಂಬ:

ಸಲಹೆಗೆ ಧನ್ಯವಾದಗಳು. ತಾರಸಿಯ ಮೇಲೆ ಈಗಾಗಲೇ ಸೋಲಾರ್, ನೀರಿನ ಟ್ಯಾಂಕ್ ಮತ್ತು ಒಣಹಾಕಿದ ಸಂಡಿಗೆ ಧ್ಯಾನದಲ್ಲಿವೆ. ಅಲ್ಲದೆ, ಬೀದಿ ಸರಿಯಿಲ್ಲವೆಂದರೆ ತಾರಸಿಗೆ ಹೋಗು ಎನ್ನುವುದು ಹೊಸ ಉಪದೇಶವೂ ಅಲ್ಲ. ಆದರೂ ರಾತ್ರಿ ಪ್ರಯತ್ನಿಸುತ್ತೇನೆ.

ಹುನಗುಂದದ ಹುಡುಗ:

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವುದು ನಿಮಗೆಲ್ಲ ಗೊತ್ತಿರಬಹುದು. ಕೆಲವರು ಮರಗಾಲು ಕಟ್ಟಿಕೊಂಡೇ ಅಷ್ಟು ದೂರ ಹೋಗುತ್ತಾರೆ. ನಾನು ಎರಡು ಸಲ ಹೋಗಿದ್ದೇನೆ, ಮರಗಾಲಿಲ್ಲದೆ.

ಮೊದಲ ಮೂರು ದಿನ ಯಾವ ಆತ್ಮಚಿಂತನೆಯೂ ಬರುವುದಿಲ್ಲ. ಬರುವುದು ಪಾದದ ಬೊಬ್ಬೆಗಳು. ಬೊಬ್ಬೆಗೆ ಸೂಜಿಯಿಂದ ದಾರ ಪೋಣಿಸಿ ನೀರು ಇಳಿಸುವುದನ್ನು ಹಿರಿಯರೊಬ್ಬರು ಕಲಿಸಿಕೊಟ್ಟರು (ಮೀನಖಂಡ ಅವರು ಇದನ್ನು ಓದದಿರಲಿ). ದಾರಿಯ ಊರುಗಳಲ್ಲಿ ಜನ ಮಜ್ಜಿಗೆ, ರೊಟ್ಟಿ, ಕಲ್ಲಂಗಡಿ ಹಿಡಿದು ಕಾದಿರುತ್ತಾರೆ. ಗುರುತು ಪರಿಚಯವಿಲ್ಲದ ಒಬ್ಬ ಅಜ್ಜ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದಾಗ ನನಗೆ ಎಷ್ಟು ಮುಜುಗರವಾಯಿತೆಂದರೆ, ಮನೆಯಲ್ಲಿ ಅಪ್ಪನ ಕಾಲನ್ನು ಯಾವಾಗ ಮುಟ್ಟಿದ್ದೆ ಎಂದು ಮರುದಿನವಿಡೀ ಲೆಕ್ಕ ಹಾಕಿದೆ. ಅಷ್ಟೇ ನನ್ನ ಆತ್ಮಾವಲೋಕನ.

ವಿಚಿತ್ರವಾದದ್ದು ನಡೆದಿದ್ದು ಮರಳುವಾಗ. ವಾಪಸು ಬಸ್ಸಿನಲ್ಲಿ, ನಾವು ಒಂದು ಪೂರ್ತಿ ದಿನ ಸವೆಸಿದ ದಾರಿ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. "ಇದು ಉಪ್ಪು ಹೆಚ್ಚಾದ ಮಜ್ಜಿಗೆಯ ಊರು, ಇದು ಬೇವಿನ ಮರದಡಿ ಮಲಗಿದ ಊರು" ಎಂದು ಕಿಟಕಿಯಿಂದ ಒಬ್ಬೊಬ್ಬರೂ ಹೇಳುತ್ತಿದ್ದೆವು. ಬಸ್ಸಿನ ಉಳಿದ ಪ್ರಯಾಣಿಕರಿಗೆ ಅವೆಲ್ಲ ಬರಿಯ ನಿಲ್ದಾಣಗಳು. ಯಾರಿಗೂ ಕಾಣದಂತೆ ನಾನು ಸ್ವಲ್ಪ ಅತ್ತೆ, ಏಕೆಂದು ಇಂದಿಗೂ ಗೊತ್ತಿಲ್ಲ.

ಮೀನಖಂಡ:

ಓದಿದೆ. ದಯವಿಟ್ಟು ದಾರ ಪೋಣಿಸಬೇಡಿ, ಅದರ ಮೂಲಕವೇ ಸೋಂಕು ಒಳಗೆ ಹೋಗುತ್ತದೆ.

ಹತ್ತು ಸಾವಿರ:

ಇಷ್ಟೆಲ್ಲ ಏಕೆ? ದಿನಕ್ಕೆ 10,000 ಹೆಜ್ಜೆ ಎಂದು ವೈದ್ಯವಿಜ್ಞಾನವೇ ಹೇಳಿದೆ. ಅಷ್ಟು ಮುಗಿಸಿ, ಮಲಗಿ.

ಪಾಲಿ ವಿದ್ಯಾರ್ಥಿ:

ಆ ಸಂಖ್ಯೆ ವೈದ್ಯಕೀಯ ಸಂಶೋಧನೆಯಿಂದ ಬಂದದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ "ಮಾನ್ಪೋ-ಕೇ" ಎಂದು ಹೆಸರಿಟ್ಟಿದ್ದರು. ಅದರ ಅರ್ಥ ಹತ್ತು ಸಾವಿರ ಹೆಜ್ಜೆಯ ಮಾಪಕ. ಜಾಹೀರಾತಿನ ಸಂಖ್ಯೆ ಆಮೇಲೆ ಶಾಸ್ತ್ರವಾಯಿತು.

ಹತ್ತು ಸಾವಿರ:

ಹಾಗಾದರೆ ನನ್ನ ಹೆಸರನ್ನು ಬದಲಿಸಬೇಕಾಯಿತು.

ಖಾಲಿ ಕುರ್ಚಿ:

ಎಲ್ಲರೂ ನಡಿಗೆಯನ್ನು ಹೊಗಳುತ್ತಿರುವಾಗ ಇದನ್ನು ಬರೆಯಲು ಹಿಂಜರಿದೆ, ಆದರೂ ಬರೆಯುತ್ತೇನೆ. ಎರಡು ವರ್ಷಗಳ ಹಿಂದೆ ಕೆಲಸ ಹೋದಾಗ ನಾನು ಪ್ರತಿದಿನ ಎರಡು ಗಂಟೆ ಒಬ್ಬನೇ ನಡೆಯುತ್ತಿದ್ದೆ. ನಮ್ಮ ಬಡಾವಣೆಯ ಆಚೆಯ ವರ್ತುಲ ರಸ್ತೆಯ ಪಕ್ಕದಲ್ಲಿ. ನೀವು ಹೇಳುವ ಆತ್ಮಾವಲೋಕನ ನನಗೂ ಬಂತು, ಬಂದದ್ದು ಹೋಗಲೇ ಇಲ್ಲ. ಕೊನೆಯ ಸಭೆಯಲ್ಲಿ ನಾನು ಏನು ಹೇಳಬೇಕಿತ್ತು, ಏನು ಹೇಳಿದೆ, ಎಂಬ ಅದೇ ನಾಲ್ಕು ವಾಕ್ಯಗಳು ಗಾಣದ ಎತ್ತಿನಂತೆ ಸುತ್ತುತ್ತಿದ್ದವು. ಮನೆಗೆ ಬರುವ ಹೊತ್ತಿಗೆ ಹೋಗುವಾಗಿನದಕ್ಕಿಂತ ಹೆಚ್ಚು ಕುಗ್ಗಿರುತ್ತಿದ್ದೆ. ನನ್ನನ್ನು ಅದರಿಂದ ಎಬ್ಬಿಸಿದ್ದು ಅಣ್ಣನ ಮಗ ಎಳೆದುಕೊಂಡು ಹೋದ ಷಟಲ್ ಆಟ. ಕಾಕ್ ಬರುತ್ತಿರುವಾಗ ಯಾವ ಸಭೆಯೂ ನೆನಪಿಗೆ ಬರುವುದಿಲ್ಲ. ನಂತರ ವೈದ್ಯರನ್ನೂ ಕಂಡೆ, ಅದೂ ಬೇಕಾಗಿತ್ತು. ಆದ್ದರಿಂದ ಒಳಗಿನ ಮಾತು ಕೇಳಿಸದಿರುವುದೇ ಕೆಲವೊಮ್ಮೆ ಔಷಧಿ ಎಂದು ನನ್ನ ಅಭಿಪ್ರಾಯ.

ಮೀನಖಂಡ:

ಹಿಂಜರಿದರೂ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಮಾತಿನಲ್ಲಿ "ವರ್ತುಲ ರಸ್ತೆ" ಎಂಬುದು ನನ್ನ ಗಮನ ಸೆಳೆಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ 38 ಜನರನ್ನು ಎರಡು ಗುಂಪು ಮಾಡಿ, ಒಂದನ್ನು ಮರಗಳಿರುವ ಹುಲ್ಲುಗಾವಲಿನಲ್ಲಿ, ಇನ್ನೊಂದನ್ನು ವಾಹನಗಳ ದಟ್ಟಣೆಯ ರಸ್ತೆಯಲ್ಲಿ 90 ನಿಮಿಷ ನಡೆಸಿದರು. ಒಂದೇ ಕೊರಗನ್ನು ಮೆಲುಕು ಹಾಕುವುದು ಹುಲ್ಲುಗಾವಲಿನವರಲ್ಲಿ ಕಡಿಮೆಯಾಯಿತು, ರಸ್ತೆಯವರಲ್ಲಿ ಆಗಲಿಲ್ಲ. ಬರಿಯ 38 ಜನರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಆದರೆ ನಡಿಗೆ ಮದ್ದಾಗುವುದೂ ಗಾಣವಾಗುವುದೂ ನಡೆಯುವ ಜಾಗವನ್ನೂ, ನಡೆಯುವವರ ಆ ಹೊತ್ತಿನ ಸ್ಥಿತಿಯನ್ನೂ ಅವಲಂಬಿಸಿದೆ ಎಂಬುದನ್ನು ನನ್ನ ರೋಗಿಗಳಲ್ಲೂ ಕಂಡಿದ್ದೇನೆ.

ಉತ್ತರ ಸಮುದ್ರ:

ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಬರೆಯುತ್ತಿದ್ದೇನೆ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಊಟದ ವಿರಾಮದಲ್ಲೇ ಕಡಲ ದಂಡೆಗೆ ಹೋಗುತ್ತೇನೆ. ಗಾಳಿ ಎದುರಿಗಿದ್ದರೆ ನಿಧಾನ ಅನಿವಾರ್ಯ, ಬೆನ್ನಿಗಿದ್ದರೆ ನಿಧಾನ ಅಸಾಧ್ಯ. ಕಚೇರಿಯಲ್ಲಿ ಇಡೀ ದಿನ ಇಂಗ್ಲಿಷಿನಲ್ಲೇ ಯೋಚಿಸುವ ನಾನು ಆ ಅರ್ಧ ಗಂಟೆ ಮಾತ್ರ ಕನ್ನಡದಲ್ಲಿ ಬೈದುಕೊಳ್ಳುತ್ತೇನೆ, ಹೆಚ್ಚಾಗಿ ನನ್ನನ್ನೇ.

ಮಾರುತಿ ಓಟಗಾರ:

ದೀಪದ ಕಂಬ ಅವರಿಗೆ: ನಿಮ್ಮ ಪ್ರಶ್ನೆಗೆ ಉತ್ತರ "ಇಲ್ಲ". ಒಂದು ದಿನವೂ ಬೆಳಕಿಗಾಗಿ ಕಾದಿಲ್ಲ. ನಮ್ಮ ಓಟದ ಗುಂಪಿನಲ್ಲಿರುವ ಆರು ಜನ ಮಹಿಳೆಯರನ್ನು ಇವತ್ತು ಇದೇ ಪ್ರಶ್ನೆ ಕೇಳಿದೆ. ಆರೂ ಜನ ಕಾದಿದ್ದಾರಂತೆ. 20 ವರ್ಷದಲ್ಲಿ ನನಗಿದು ಗೊತ್ತಿರಲಿಲ್ಲ. ಹಿಂದಿನ ಮಾತಿಗೆ ಕ್ಷಮೆಯಿರಲಿ. ಬೂರುಗದವರಿಗೆ ಮಾತ್ರ ನನ್ನ ವಾದವನ್ನು ಬಿಟ್ಟುಕೊಡುವುದಿಲ್ಲ.

ಬೂರುಗದ ನೆರಳು:

ಇಷ್ಟು ಜನ ಬರೆದಿದ್ದೀರಿ, ಒಂದು ವಾರದಿಂದ ಓದುತ್ತಲೇ ಇದ್ದೆ. ಮೊದಲು ದೀಪದ ಕಂಬ ಅವರ ಪ್ರಶ್ನೆಗೆ ಉತ್ತರ: ಡಬ್ಬಿ ಕಟ್ಟುವವಳು ನನ್ನ ಹೆಂಡತಿ. ಈ ಸೋಮವಾರದಿಂದೀಚೆಗೆ, ವಾರದಲ್ಲಿ ಮಂಗಳವಾರ ಮತ್ತು ಶುಕ್ರವಾರದ ಡಬ್ಬಿ ನನ್ನದಾಗಿದೆ. ಆಕೆ ಆ ಎರಡು ದಿನ ನಡೆಯಲು ಹೋಗುತ್ತಾಳೆಂದು ನಾನು ಅಂದುಕೊಂಡಿದ್ದೆ. ಮಲಗಿದಳು.

ಮಾರುತಿಯವರಿಗಾಗಿ ಬುಧವಾರ ಎರಡು ಸುತ್ತು ನಿಧಾನವಾಗಿ ಓಡಿದೆ, ಗಡಿಯಾರವಿಲ್ಲದೆ. ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮೂರನೆಯ ಸುತ್ತಿನಲ್ಲಿ ಕಾಲು ತಾನಾಗಿಯೇ ನಡಿಗೆಗೆ ಇಳಿಯಿತು, ನಾನು ತಡೆಯಲಿಲ್ಲ. ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಹತ್ತಿ ಸ್ವಲ್ಪ ಹೊತ್ತು ಕುಳಿತೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲೆಂದು ಅಲ್ಲಿ ಫಲಕ ಹಾಕಿದ್ದಾರೆ, ಅದರ ಮೇಲೆ ಯಾರೋ ಬಾಳೆಹಣ್ಣಿನ ಸಿಪ್ಪೆ ಬಿಟ್ಟು ಹೋಗಿದ್ದರು. ಬೆಳಗೊಳದವರು ಹೇಳಿದ್ದು ಸರಿಯಿರಬೇಕು, ವೇಗಕ್ಕಿಂತ ಗಡಿಯಾರವೇ ನನ್ನ ತೊಂದರೆ. ಗುಂಪಿನವರಿಗೆ ಇನ್ನು ಮುಂದೆ ಇಡ್ಲಿಗೆ ಮಾತ್ರ ಬರುತ್ತೇನೆಂದು ತಿಳಿಸಿದ್ದೇನೆ, ಹಕ್ಕಿನ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಭಾನುವಾರ ತಮ್ಮನಿಗೆ ಫೋನ್ ಮಾಡಿದೆ. ಆತ ಎತ್ತಲಿಲ್ಲ. ಸಂಜೆ ತಾನೇ ಮಾಡಿದ. ಊರಿನ ಮನೆಯ ಅಡುಗೆಕೋಣೆ ಸೋರುತ್ತಿದೆಯಂತೆ, ಹೆಂಚು ತೆಗೆಸಬೇಕೋ ಶೀಟ್ ಹಾಕಿಸಬೇಕೋ ಎಂದು ಹನ್ನೆರಡು ನಿಮಿಷ ಮಾತನಾಡಿದೆವು. ಆ ಇನ್ನೊಂದು ಮಾತನ್ನು ನಾನು ಇನ್ನೂ ಎತ್ತಿಲ್ಲ.

ಮಾಳಮಡ್ಡಿ:

ಹೆಂಚೇ ಇರಲಿ. ಶೀಟ್ ಹಾಕಿಸಿದರೆ ಬೇಸಿಗೆಯಲ್ಲಿ ಅಡುಗೆಕೋಣೆಯಲ್ಲಿ ನಿಲ್ಲಲಾಗದು.

ಖಾಲಿ ಕುರ್ಚಿ:

ನಾನು ಒಬ್ಬನೇ ನಡೆಯುವ ಧೈರ್ಯವನ್ನು ಇನ್ನೂ ಮಾಡಿಲ್ಲ. ಶನಿವಾರ ಲಾಲ್‌ಬಾಗಿಗೆ ಬಂದರೆ ನಿಮ್ಮ ಜೊತೆ ಒಂದು ಸುತ್ತು ಹಾಕಬಹುದೇ? ಮಾತನಾಡಬೇಕೆಂದೇನೂ ಇಲ್ಲ.

ಬೂರುಗದ ನೆರಳು:

ಖಂಡಿತ ಬನ್ನಿ. ಮೆಟ್ರೋದಲ್ಲಿ ಬರುವುದಾದರೆ ಪಶ್ಚಿಮ ದ್ವಾರ ನಿಮಗೆ ಹತ್ತಿರ. ಆರು ಗಂಟೆಯ ಆಸುಪಾಸಿನಲ್ಲಿ ಗೇಟಿನ ಒಳಗೆ ನಿಂತಿರುತ್ತೇನೆ. ಗಡಿಯಾರ ಕಟ್ಟಿರುವುದಿಲ್ಲವಾದ್ದರಿಂದ ಐದು ನಿಮಿಷ ಆಚೀಚೆಯಾದರೆ ಬೈಯಬೇಡಿ.